ಯಾವ ಬೆಂಕಿಯನ್ನು ಕೇಳ್ತಿದ್ದೀರಿ?

ಡಿಸೆಂಬರ್ ಮೊದಲ ಭಾನುವಾರ, ಎರಡನೇ ಆರಾಧನೆಯ ಸಂದೇಶ
ವಾಕ್ಯಭಾಗ: ಲೂಕ 9:51–56, ಅಪೊಸ್ತಲರ ಕೃತ್ಯಗಳು 8:14–17

ಎಲ್ಲರೂ ಒಂದು ಸಲ ಹಲ್ಲೆಲೂಯಾ ಹೇಳೋಣ. ಇನ್ನೂ ಸ್ವಲ್ಪ ಜೋರಾಗಿ. ಆಮೆನ್. ಕೂತ್ಕೊಳ್ಳಿ.

ಡಿಸೆಂಬರ್ ಬಂತು. ಶಿವಾಜಿನಗರದ ಕಡೆ ಹೋದರೆ ಅಂಗಡಿಗಳ ಮುಂದೆ ನಕ್ಷತ್ರಗಳು ತೂಗಾಡ್ತಿವೆ, ಬೇಕರಿಗಳಲ್ಲಿ ಪ್ಲಮ್ ಕೇಕ್ ಬಂದಿದೆ. ಜೊತೆಗೆ ಪ್ರತಿ ಡಿಸೆಂಬರಿನಲ್ಲೂ ಬರುವ ಇನ್ನೊಂದು ವಿಷಯವೂ ಬಂದಿದೆ, ಜಗಳ. ಎರಡು ವಾರದ ಹಿಂದೆ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಅವನ ಆಫೀಸಿನಲ್ಲಿ ಕ್ರಿಸ್ಮಸ್ ಪಾರ್ಟಿಯ ಮಾತು ನಡೀತಿತ್ತಂತೆ. ಟೀಮಿನಲ್ಲಿರುವ ಒಬ್ಬ ಹುಡುಗ, ದೇವರನ್ನೇ ನಂಬದವನು, ವಾಟ್ಸಾಪ್ ಗ್ರೂಪಿನಲ್ಲಿ ಬರೆದನಂತೆ: ಆಫೀಸಿನಲ್ಲಿ ಧರ್ಮದ ಹಬ್ಬ ಯಾಕೆ ಬೇಕು, ಯೇಸು ಡಿಸೆಂಬರ್ 25ಕ್ಕೆ ಹುಟ್ಟಿದ ಅಂತ ನಿಮ್ಮ ಬೈಬಲ್ಲಿನಲ್ಲೇ ಇಲ್ಲವಲ್ಲ ಅಂತ. ನಮ್ಮ ತಮ್ಮ ಬಿಡ್ತಾನಾ? ರಾತ್ರಿ ಒಂದು ಗಂಟೆವರೆಗೂ ಉತ್ತರ ಬರೆದಿದ್ದಾನೆ. ಈಗ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಕೆಲಸ ಮಾಡ್ತಾರೆ, ಮಾತಿಲ್ಲ. ಅವನು ನನ್ನ ಕೇಳಿದ್ದು ಇಷ್ಟೇ: "ಪಾಸ್ಟರ್, ಅವನು ಬಾಯಿ ಮುಚ್ಚಿಕೊಳ್ಳೋ ಹಾಗೆ ನಾಲ್ಕು ಪಾಯಿಂಟ್ ಕೊಡಿ."

ಕೊಡ್ತೀನಿ ಅಂದೆ. ಮನೆಗೆ ಹೋಗಿ ಪುಸ್ತಕ ತೆಗೆದು ಕೂತೆ. ಪಾಯಿಂಟ್ ಬರೆಯೋಕೆ ಶುರುಮಾಡಿದಾಗ ಕರ್ತನು ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟ: "ನಿನ್ನ ಹತ್ತಿರವೂ ಪಾಯಿಂಟ್ ಇದ್ದವಲ್ಲ, ಅವುಗಳಿಂದ ನೀನು ಏನು ಮಾಡಿದೆ?" ಪ್ರಿಯರೇ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ಹೇಳೋಕೆ ನಾಚಿಕೆಯಾಗುವ ಉತ್ತರ. ಅದನ್ನ ಕೊನೆಗೆ ಹೇಳ್ತೀನಿ. ಮೊದಲು ವಾಕ್ಯಕ್ಕೆ ಹೋಗೋಣ.

ಲೂಕ 9ನೇ ಅಧ್ಯಾಯ 51ನೇ ವಚನದಿಂದ. ಎಲ್ಲರೂ ತೆಗೆದಿರಾ? ಮೊಬೈಲ್‌ನಲ್ಲಿ ತೆಗೆಯುವವರು ನೋಟಿಫಿಕೇಶನ್ ನೋಡಬೇಡಿ.

ಯೇಸು ಯೆರೂಸಲೇಮಿಗೆ ಹೋಗಲು ಮನಸ್ಸು ಗಟ್ಟಿಮಾಡಿಕೊಂಡಿದ್ದಾನೆ. ದಾರಿಯಲ್ಲಿ ಸಮಾರ್ಯದವರ ಒಂದು ಹಳ್ಳಿ. ಉಳಿದುಕೊಳ್ಳೋಕೆ ಸ್ಥಳ ನೋಡಲು ಮುಂದಾಗಿ ಆಳು ಕಳಿಸಿದ. ಆ ಹಳ್ಳಿಯವರು ಆತನನ್ನ ಸೇರಿಸಿಕೊಳ್ಳಲಿಲ್ಲ. ಯಾಕೆ? ಆತನು ಯೆರೂಸಲೇಮಿನ ಕಡೆಗೆ ಹೊರಟಿದ್ದ, ಅದಕ್ಕೆ. ಸಮಾರ್ಯದವರಿಗೆ ಗೆರಿಜೀಮ್ ಬೆಟ್ಟ ಪವಿತ್ರ, ಯೆಹೂದ್ಯರಿಗೆ ಯೆರೂಸಲೇಮ್. ಆರಾಧನೆ ಎಲ್ಲಿ ಮಾಡಬೇಕು, ಹಬ್ಬಕ್ಕೆ ಎಲ್ಲಿಗೆ ಹೋಗಬೇಕು, ಇದೇ ಅವರ ಜಗಳ. ಸಾರ್ವಜನಿಕ ಜಾಗದಲ್ಲಿ ಯಾರ ಹಬ್ಬ ಅನ್ನೋ ಜಗಳ ಹೊಸದೇನಲ್ಲ, ನೋಡಿ.

ಆಗ ಯಾಕೋಬ, ಯೋಹಾನ ಏನಂದ್ರು? ಆಕಾಶದಿಂದ ಬೆಂಕಿ ಬಿದ್ದು ಇವರು ಸುಟ್ಟುಹೋಗಲಿ ಅಂತ ಹೇಳೋಣವಾ ಕರ್ತನೇ, ಅಂದ್ರು. ಅವರು ಸುಮ್ಮನೆ ಕೋಪದಲ್ಲಿ ಮಾತಾಡಿದವರಲ್ಲ. ಅವರ ಹತ್ತಿರ ವಾಕ್ಯದ ಆಧಾರವೂ ಇತ್ತು. 2 ಅರಸುಗಳು 1ನೇ ಅಧ್ಯಾಯದಲ್ಲಿ ಎಲೀಯನು ಬೆಂಕಿ ಕರೆದನಲ್ಲ! ರೆಫರೆನ್ಸ್ ಸಮೇತ ಕೋಪ ಮಾಡಿಕೊಂಡಿದ್ದಾರೆ. ನಮ್ಮ ಹಾಗೇನೇ. ಯೇಸು ತಿರುಗಿಕೊಂಡು ಗದರಿಸಿದ. ಯಾರನ್ನ? ಹಳ್ಳಿಯವರನ್ನಲ್ಲ. ತನ್ನ ಶಿಷ್ಯರನ್ನ. ಆಮೇಲೆ ಏನು ಮಾಡಿದ? ಬೇರೆ ಹಳ್ಳಿಗೆ ಹೋದ. ಅಷ್ಟೇ. ಹುಟ್ಟಿದಾಗಲೂ ಛತ್ರದಲ್ಲಿ ಸ್ಥಳ ಸಿಗದೆ ಗೋದಲಿಯಲ್ಲಿ ಮಲಗಿದವನು ಆತ. ಜಾಗ ಸಿಗಲಿಲ್ಲ ಅಂತ ಬೆಂಕಿ ಹಾಕುವ ದೇವರಲ್ಲ ನಮ್ಮ ದೇವರು. ದೇವರಿಗೆ ಸ್ತೋತ್ರ!

ಈಗ ಒಂದು ನಿಜವಾದ ಘಟನೆ ಹೇಳ್ತೀನಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಂತಾ ಮೋನಿಕಾ ಅಂತ ಸಮುದ್ರದ ಪಕ್ಕದ ಊರು. ಅಲ್ಲಿನ ಪ್ಯಾಲಿಸೇಡ್ಸ್ ಪಾರ್ಕಿನಲ್ಲಿ 1950ರ ದಶಕದಿಂದ ಪ್ರತಿ ಕ್ರಿಸ್ಮಸ್‌ಗೆ ಚರ್ಚುಗಳು ಸೇರಿ ದೊಡ್ಡ ದೊಡ್ಡ ಗೋದಲಿಗಳನ್ನ ಇಡ್ತಿದ್ದವು. ಒಂದಲ್ಲ, ಸಾಲಾಗಿ 14 ದೃಶ್ಯ. ಜಾಗ ನಗರಸಭೆಯದ್ದು. 2011ರಲ್ಲಿ ನಾಸ್ತಿಕರು ನಮಗೂ ಜಾಗ ಬೇಕು ಅಂತ ಅರ್ಜಿ ಹಾಕಿದರು. ಅರ್ಜಿ ಜಾಸ್ತಿಯಾಯ್ತು, ನಗರಸಭೆ ಚೀಟಿ ಎತ್ತಿತು. 21 ಜಾಗದಲ್ಲಿ 18 ನಾಸ್ತಿಕರಿಗೆ ಬಂತು. ಚರ್ಚುಗಳಿಗೆ ಉಳಿದದ್ದು ಎರಡು. ನಾಸ್ತಿಕರು ಕೆಲವು ಜಾಗಗಳಲ್ಲಿ ಬೋರ್ಡ್ ಹಾಕಿದರು, ಎಷ್ಟೋ ಜಾಗ ಖಾಲಿ ಬಿಟ್ಟರು. ಊರಲ್ಲಿ ಗಲಾಟೆ. 2012ರ ಜೂನ್‌ನಲ್ಲಿ ನಗರಸಭೆ ಯಾರಿಗೂ ಬೇಡ ಅಂತ ತೀರ್ಮಾನ ಮಾಡಿತು. ಚರ್ಚಿನವರು ಕೋರ್ಟಿಗೆ ಹೋದರು, ಗೆಲ್ಲಲಿಲ್ಲ. ಗೋದಲಿಗಳು ಖಾಸಗಿ ಜಾಗಕ್ಕೆ ಹೋದವು.

ಇದನ್ನ ಕೇಳಿದರೆ ನಮಗೆ ಸಂಕಟ ಆಗುತ್ತೆ. ಸುಮಾರು 60 ವರ್ಷದ ಪದ್ಧತಿ. ಅಜ್ಜ ಅಜ್ಜಿಯ ಕೈ ಹಿಡಿದು ನೋಡಿದ ಗೋದಲಿಯನ್ನ ಮೊಮ್ಮಕ್ಕಳಿಗೆ ಅಲ್ಲಿ ತೋರಿಸೋಕೆ ಆಗ್ಲಿಲ್ಲ. ಆ ನೋವು ಸುಳ್ಳಲ್ಲ. ಆದರೆ ಆ ನಿಯಮವನ್ನ ಸರಿಯಾಗಿ ನೋಡಿ. ಅದು ನಿಲ್ಲಿಸಿದ್ದು ಏನನ್ನ? ಪಕ್ಕದಲ್ಲಿ ಆಳಿಲ್ಲದೆ ಬಿಟ್ಟು ಹೋಗುವ ಪ್ರದರ್ಶನಗಳನ್ನ. ಅಂದ್ರೆ ಬೊಂಬೆ ಇಟ್ಟು ಮನೆಗೆ ಹೋಗೋ ಹಾಗಿಲ್ಲ. ಆದರೆ ಒಬ್ಬ ವಿಶ್ವಾಸಿ ಅದೇ ಪಾರ್ಕಿಗೆ ಬಂದು ನಿಂತು, ದಾರಿಯಲ್ಲಿ ಹೋಗುವವರ ಹತ್ತಿರ ಪ್ರೀತಿಯಿಂದ ಯೇಸುವಿನ ವಿಷಯ ಮಾತಾಡೋದನ್ನ ಅದು ತಡೆಯಲಿಲ್ಲ.

ಇದನ್ನ ಓದಿದ ದಿನ ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತುಬಿಟ್ಟೆ. ಆಳಿಲ್ಲದ ಗೋದಲಿ! ತಮ್ಮಂದಿರೇ, ತಂಗಿಯರೇ, ನಮ್ಮ ಕ್ರೈಸ್ತತ್ವದಲ್ಲಿ ಎಷ್ಟು ಭಾಗ ಆಳಿಲ್ಲದ ಗೋದಲಿ? ಬೈಕಿನ ಮೇಲೆ ಸ್ಟಿಕ್ಕರ್ ಇದೆ, ಸವಾರ ಸಿಗ್ನಲ್ ಹಾರಿಸ್ತಾನೆ. ಸ್ಟೇಟಸ್‌ನಲ್ಲಿ ವಚನ ಇದೆ, ಆ ಸ್ಟೇಟಸ್ ಹಾಕಿದವನು ಪಿಜಿಯ ಅಡುಗೆ ಅಕ್ಕನಿಗೆ ಕೂಗಾಡ್ತಾನೆ. ಬೋರ್ಡ್ ನಿಂತಿದೆ, ಪಕ್ಕದಲ್ಲಿ ಮನುಷ್ಯ ಇಲ್ಲ. ನಾಸ್ತಿಕರು ಬೋರ್ಡನ್ನ ತೆಗೆಸಬಹುದು. ಪಕ್ಕದಲ್ಲಿ ನಿಂತ ಸಾಕ್ಷಿಯನ್ನ ಯಾವ ನಗರಸಭೆಯೂ ಚೀಟಿ ಎತ್ತಿ ತೆಗೆಯೋಕೆ ಆಗೋದಿಲ್ಲ. ಆಮೆನ್ ಹೇಳ್ತೀರಾ?

ಇನ್ನೊಂದು ವಿಷಯ. ಕ್ರಿಸ್ಮಸ್ಸನ್ನ ನಾಸ್ತಿಕರು ಹಾಳುಮಾಡ್ತಿದ್ದಾರೆ ಅಂತೀವಿ. ಇತಿಹಾಸದಲ್ಲಿ ಕ್ರಿಸ್ಮಸ್ಸನ್ನ ಕಾನೂನು ಮಾಡಿ ನಿಲ್ಲಿಸಿದವರಲ್ಲಿ ಯಾರಿದ್ದರು ಗೊತ್ತಾ? ದಿನಾ ಬೈಬಲ್ ಓದುವ ಕ್ರೈಸ್ತರು! 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಕ್ರಿಸ್ಮಸ್, ಈಸ್ಟರ್, ಕೊನೆಗೆ ಪೆಂತೆಕೋಸ್ತ್ ಹಬ್ಬವನ್ನೂ ಸೇರಿಸಿ ರದ್ದುಮಾಡಿತು. ಪ್ಯೂರಿಟನ್ನರ ಕಾಲ ಅದು. ಆ ವರ್ಷ ಕ್ಯಾಂಟರ್ಬರಿಯಲ್ಲಿ ಕ್ರಿಸ್ಮಸ್ ದಿನ ಅಂಗಡಿ ತೆರೆಯಬೇಕು ಅಂತ ಒತ್ತಾಯ ಮಾಡಿದ್ದಕ್ಕೆ ಜನ ದಂಗೆ ಎದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ಬೇ ವಸಾಹತಿನಲ್ಲಿ 1659ರಿಂದ ಕ್ರಿಸ್ಮಸ್ ಆಚರಿಸಿದರೆ ಐದು ಶಿಲಿಂಗ್ ದಂಡ. 1681ರವರೆಗೂ ಆ ಕಾನೂನು ಇತ್ತು. ಅವರ ವಾದ ಏನು? ಈ ದಿನ ಬೈಬಲ್ಲಿನಲ್ಲಿ ಇಲ್ಲ ಅಂತ. ಅಂದ್ರೆ ನಮ್ಮ ತಮ್ಮನ ಆಫೀಸಿನ ಆ ಹುಡುಗ ಹೇಳಿದ್ದೇ!

ಹಾಗಾದರೆ ಆ ಹುಡುಗ ಹೇಳಿದ್ದರಲ್ಲಿ ಸತ್ಯ ಇದ್ಯಾ? ಇದೆ. ಒಪ್ಪಿಕೊಳ್ಳಿ. ಡಿಸೆಂಬರ್ 25 ಅಂತ ಲೂಕ ಬರೆದಿಲ್ಲ, ಮತ್ತಾಯ ಬರೆದಿಲ್ಲ. ಆ ದಿನ ರೋಮಿನಲ್ಲಿ 4ನೇ ಶತಮಾನದ ದಾಖಲೆಯಲ್ಲಿ ಕಾಣಿಸುತ್ತೆ. ಇವತ್ತಿಗೂ ನಮ್ಮ ಪೆಂತೆಕೋಸ್ತ್ ಸಭೆಗಳಲ್ಲೇ ಕೆಲವರು ಕ್ರಿಸ್ಮಸ್ ಆಚರಿಸೋದಿಲ್ಲ. ಅವರು ನಮ್ಮ ಸಹೋದರರೇ. ರೋಮಾಪುರದವರಿಗೆ 14:5 ಮತ್ತು 6 ಆಮೇಲೆ ಮನೆಯಲ್ಲಿ ಓದಿ. ದಿನಗಳ ವಿಷಯದಲ್ಲಿ ಒಬ್ಬೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ, ಏನು ಮಾಡಿದರೂ ಕರ್ತನಿಗಾಗಿ ಮಾಡಲಿ ಅನ್ನೋದು ಪೌಲನ ತಾತ್ಪರ್ಯ. ನಮ್ಮ ನಂಬಿಕೆ ನಿಂತಿರೋದು ತಾರೀಕಿನ ಮೇಲಲ್ಲ. ವಾಕ್ಯವಾಗಿದ್ದವನು ಮನುಷ್ಯನಾಗಿ ಬಂದ ಅನ್ನೋದರ ಮೇಲೆ. ತಾರೀಕು ತಪ್ಪು ಅಂದ್ರೆ ನಗುತ್ತಾ "ಹೌದು ಗುರು, ತಾರೀಕು ಗೊತ್ತಿಲ್ಲ, ಬಂದವನು ಗೊತ್ತು" ಅನ್ನಿ. ಅದಕ್ಕೆ ರಾತ್ರಿ ಒಂದು ಗಂಟೆವರೆಗೂ ಎದ್ದಿರೋದು ಬೇಡ.

ಲಂಡನ್ನಿನ ಒಂದು ಕಥೆ. 2009ರ ಜನವರಿಯಲ್ಲಿ ಬ್ರಿಟನ್ನಿನ ನೂರಾರು ಬಸ್ಸುಗಳ ಮೇಲೆ ನಾಸ್ತಿಕರ ಜಾಹೀರಾತು ಬಂತು. ದೇವರು ಬಹುಶಃ ಇಲ್ಲ, ಚಿಂತೆ ಬಿಟ್ಟು ಬದುಕಿ ಅನ್ನೋ ಅರ್ಥದ್ದು. ಏರಿಯನ್ ಶೆರಿನ್ ಅನ್ನೋ ಬರಹಗಾರ್ತಿ ಅದನ್ನ ಶುರುಮಾಡಿದ್ದು. 5,500 ಪೌಂಡ್ ಬೇಕು ಅಂತ ಕೇಳಿದರು, ಒಂದು ಲಕ್ಷ ಪೌಂಡ್ ದಾಟಿತು. ಆಕೆಗೆ ಆ ಯೋಚನೆ ಯಾಕೆ ಬಂತು ಗೊತ್ತಾ? ಅದಕ್ಕೂ ಮೊದಲು ಲಂಡನ್ ಬಸ್ಸಿನ ಮೇಲೆ ಕ್ರೈಸ್ತರ ಒಂದು ಜಾಹೀರಾತು ಇತ್ತು. ಅದರಲ್ಲಿ ಕೊಟ್ಟಿದ್ದ ವೆಬ್‌ಸೈಟ್ ತೆರೆದು ನೋಡಿದರೆ, ನಂಬದವರಿಗೆ ನರಕ, ಬೆಂಕಿಯ ಕೆರೆ ಅಂತ ಬರೆದಿತ್ತು. ನೋಡಿದ್ರಾ? ಮತ್ತೆ ಬೆಂಕಿ! ನಾವು ಬಸ್ಸಿನ ಮೇಲೆ ಬೆಂಕಿ ಕಳಿಸಿದೆವು, ಉತ್ತರವೂ ಬಸ್ಸಿನ ಮೇಲೇ ಬಂತು.

ತಪ್ಪು ತಿಳ್ಕೊಬೇಡಿ. ನರಕ ಇಲ್ಲ ಅಂತ ನಾನು ಹೇಳ್ತಿಲ್ಲ. ನ್ಯಾಯತೀರ್ಪಿನ ವಿಷಯ ಯೇಸುವೇ ಮಾತಾಡಿದ್ದಾನೆ. ಆದರೆ ಲೂಕ 19:41ರಲ್ಲಿ ಯೆರೂಸಲೇಮಿಗೆ ಬರುವ ನಾಶನದ ಬಗ್ಗೆ ಹೇಳುವಾಗ ಆತನು ಪಟ್ಟಣವನ್ನ ನೋಡಿ ಅತ್ತ. ಅಳು ಬಾರದವನಿಗೆ ನರಕದ ಬಗ್ಗೆ ಪ್ರಸಂಗ ಮಾಡೋ ಅಧಿಕಾರ ಇಲ್ಲ. ಇದು ನನಗೆ ನಾನೇ ಹೇಳಿಕೊಳ್ಳೋ ಮಾತು.

ನಮ್ಮ ದೇಶಕ್ಕೆ ಬರೋಣ. 2012ರಲ್ಲಿ ಮುಂಬೈನ ವಿಲೆ ಪಾರ್ಲೆಯಲ್ಲಿ ಒಂದು ಚರ್ಚಿನ ಹತ್ತಿರ ಇರುವ ಶಿಲುಬೆಯ ಪ್ರತಿಮೆಯಿಂದ ನೀರು ತೊಟ್ಟಿಕ್ಕೋಕೆ ಶುರುವಾಯ್ತು. ಜನ ಅದ್ಭುತ ಅಂತ ಆ ನೀರನ್ನ ತಗೊಂಡು ಹೋದರು. ಸನಲ್ ಇಡಮರುಕು ಅನ್ನೋ ವಿಚಾರವಾದಿ ಬಂದು ನೋಡಿ, ಹತ್ತಿರದ ಚರಂಡಿ ಕಟ್ಟಿಕೊಂಡಿದೆ, ಆ ನೀರೇ ಗೋಡೆಯೊಳಗಿಂದ ಮೇಲಕ್ಕೆ ಹೀರಿಕೊಂಡು ಬರ್ತಿದೆ ಅಂದ. ಟಿವಿಯಲ್ಲಿ ಚರ್ಚಿನ ಮೇಲೆ ಕಟುವಾಗಿಯೂ ಮಾತಾಡಿದ. ಆಗ ಕೆಲವು ಕ್ಯಾಥೊಲಿಕ್ ಗುಂಪಿನವರು ಪೊಲೀಸರಿಗೆ ದೂರು ಕೊಟ್ಟರು. ಭಾರತೀಯ ದಂಡ ಸಂಹಿತೆಯ 295ಎ, ಧಾರ್ಮಿಕ ಭಾವನೆಗೆ ಧಕ್ಕೆ. ಬಂಧನ ಆಗಬಹುದು ಅಂತ ಅವನು ಫಿನ್‌ಲ್ಯಾಂಡಿಗೆ ಹೋದ.

ಇಲ್ಲಿ ಯಾರೋ "ಅದು ಕ್ಯಾಥೊಲಿಕರ ಪ್ರತಿಮೆ, ನಮಗೇನು" ಅಂತ ಮನಸ್ಸಿನಲ್ಲಿ ಅಂದುಕೊಂಡಿರಿ. ನಿಲ್ಲಿ. ನಮ್ಮ ಗುಣಪಡಿಸುವ ಕೂಟಕ್ಕೆ ಬಂದು ಅವನು ಇದೇ ರೀತಿ ಪ್ರಶ್ನೆ ಕೇಳಿದ್ದರೆ ನಾವು ಏನು ಮಾಡ್ತಿದ್ದೆವು? ಟೀ ಕೊಟ್ಟು ಕೂರಿಸ್ತಿದ್ದೆವಾ, ಸ್ಟೇಷನ್‌ಗೆ ಹೋಗ್ತಿದ್ದೆವಾ? ನಾನು ಅದ್ಭುತಗಳನ್ನ ನಂಬ್ತೀನಿ. ಈ ಸಭೆಯಲ್ಲಿ ನೋಡಿದ್ದೀನಿ. ಅದಕ್ಕೇ ಹೇಳ್ತೀನಿ, ನಿಜವಾದ ಅದ್ಭುತಕ್ಕೆ ಪರೀಕ್ಷೆಯ ಭಯ ಇಲ್ಲ. ಕುಷ್ಠರೋಗಿಯನ್ನ ಶುದ್ಧಮಾಡಿದ ಮೇಲೆ ಯೇಸು ಅವನನ್ನ ಯಾಜಕನಿಗೆ ತೋರಿಸಿಕೊಳ್ಳೋಕೆ ಕಳಿಸಿದ. ಥೆಸಲೊನೀಕದವರಿಗೆ ಪೌಲ ಬರೆದದ್ದೂ ಎಲ್ಲವನ್ನೂ ಪರಿಶೋಧಿಸಿ ಅಂತಲೇ. ನಮ್ಮ ಬೆಂಗಳೂರಲ್ಲೇ ಎಚ್. ನರಸಿಂಹಯ್ಯನವರು ಇದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿಯನ್ನೇ ಮಾಡಿದರು. ಖಾದಿ ಉಟ್ಟು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಸರಳವಾಗಿ ಬದುಕಿದವರು. ಅಂಥವರನ್ನ ಸೈತಾನನ ಮಕ್ಕಳು ಅಂತ ಕರೆದು ಮುಗಿಸಿಬಿಡೋದು ಸುಲಭ. ಅವರ ಸರಳತೆಯ ಮುಂದೆ ನಮ್ಮ ಜೀವನ ಇಟ್ಟು ನೋಡೋದು ಕಷ್ಟ.

ಇನ್ನೂ ಒಂದು ಮಾತು. ಆ 295ಎ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಆಗಿದೆ. ಕರಪತ್ರ ಹಂಚಿದ್ದಕ್ಕೆ, ಪ್ರಾರ್ಥನೆ ಮಾಡಿದ್ದಕ್ಕೆ ನಮ್ಮವರ ಮೇಲೂ ಇಂಥ ದೂರುಗಳು ಬರುತ್ತವೆ. ನಿಮಗೇ ಗೊತ್ತು. ಆಗ ನಾವು ಸಂವಿಧಾನದ 25ನೇ ವಿಧಿ ತೋರಿಸ್ತೀವಿ. ಆ ವಿಧಿಯಲ್ಲಿ ಮೊದಲು ಬರೋದು ಏನು? ಮನಸ್ಸಾಕ್ಷಿಯ ಸ್ವಾತಂತ್ರ್ಯ. ಆಮೇಲೆ ಧರ್ಮವನ್ನ ಅನುಸರಿಸೋದು, ಪ್ರಚಾರ ಮಾಡೋದು. ನಮ್ಮನ್ನ ಕಾಪಾಡುವ ಆ ಮನಸ್ಸಾಕ್ಷಿಯ ಮಾತೇ ನಂಬದವನನ್ನೂ ಕಾಪಾಡುತ್ತೆ. ನಮಗೆ ಬೇಕಾದಾಗ ಕೊಡೆ, ಅವನಿಗೆ ಬೇಕಾದಾಗ ಕೋಲು ಅಂತ ಮಾಡೋಕಾಗಲ್ಲ.

ಮತ್ತೆ ನೆನಪಿರಲಿ, ನಮ್ಮನ್ನೂ ಒಂದು ಕಾಲದಲ್ಲಿ ನಾಸ್ತಿಕರು ಅಂತ ಕರೆದಿದ್ದರು. ರೋಮ್ ಸಾಮ್ರಾಜ್ಯದಲ್ಲಿ ಊರ ಹಬ್ಬಕ್ಕೆ ಬರೋದಿಲ್ಲ, ಊರ ದೇವರುಗಳಿಗೆ ಬಲಿ ಕೊಡೋದಿಲ್ಲ, ಹಾಗಾಗಿ ಕ್ರೈಸ್ತರು ದೇವರಿಲ್ಲದವರು. 2ನೇ ಶತಮಾನದಲ್ಲಿ ಸ್ಮುರ್ನದ ಸಭಾಧ್ಯಕ್ಷ ಪಾಲಿಕಾರ್ಪ್‌ನನ್ನ ಹಿಡಿದು, ನಾಸ್ತಿಕರು ತೊಲಗಲಿ ಅಂತ ಹೇಳು, ಬಿಟ್ಟುಬಿಡ್ತೀವಿ ಅಂದರು. ಅವರ ಲೆಕ್ಕದಲ್ಲಿ ನಾಸ್ತಿಕರು ಅಂದ್ರೆ ನಾವು. ಆ ಮುದುಕ ಕ್ರಿಸ್ತನನ್ನ ಬಿಡಲಿಲ್ಲ. ಅವನನ್ನ ಬೆಂಕಿಗೆ ಒಪ್ಪಿಸಿದರು. ಬೆಂಕಿ ಹಾಕಿಸಿಕೊಂಡವರ ಮಕ್ಕಳು ನಾವು, ಬೆಂಕಿ ಹಾಕುವವರ ಮಕ್ಕಳಲ್ಲ.

ಈಗ ನಾನು ಹೇಳ್ತೀನಿ ಅಂದ ವಿಷಯ.

ನನಗೊಬ್ಬ ತಮ್ಮ ಇದ್ದಾನೆ. ನಿಮ್ಮಲ್ಲಿ ಕೆಲವರಿಗೆ ಮಾತ್ರ ಗೊತ್ತು. ಸಂಡೇ ಸ್ಕೂಲಿನಲ್ಲಿ ಕಂಠಪಾಠ ವಚನಕ್ಕೆ ಪ್ರತಿ ವರ್ಷ ಅವನಿಗೇ ಬಹುಮಾನ, ನನಗಲ್ಲ. ಇಂಜಿನಿಯರಿಂಗ್ ಓದುವಾಗ ಅಪ್ಪ ತೀರಿಕೊಂಡರು. ಅಪ್ಪನಿಗಾಗಿ ನಾವೆಲ್ಲ ಉಪವಾಸ ಮಾಡಿದ್ದೆವು. ಅವನು ಮೂರು ದಿನ ನೀರೂ ಕುಡಿಯದೆ ಪ್ರಾರ್ಥನೆ ಮಾಡಿದ್ದ. ಅಪ್ಪ ಹೋದ ಮೇಲೆ ಅವನು ಮೌನವಾದ. ಆಮೇಲೆ ಒಂದು ದಿನ, ನಾನು ದೇವರನ್ನ ನಂಬೋದಿಲ್ಲ ಅಣ್ಣ ಅಂದ.

ಕೆಲವು ವರ್ಷದ ಹಿಂದೆ ಕ್ರಿಸ್ಮಸ್ ದಿನ ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಸಭೆಯ ಹಿರಿಯರೂ ಬಂದಿದ್ದರು. ನಾನು ತಮ್ಮನಿಗೆ, ನೀನು ಪ್ರಾರ್ಥನೆ ಮಾಡು ಅಂದೆ. ಬೇಕಂತಲೇ ಅಂದೆ. ಅವನು ಮೆಲ್ಲಗೆ, "ಅಣ್ಣ, ನೀವೆಲ್ಲ ಮಾಡಿ, ನಾನು ಸುಮ್ಮನೆ ಕೂತಿರ್ತೀನಿ" ಅಂದ. ನನ್ನ ಮರ್ಯಾದೆ ಹೋಯ್ತು ಅನ್ನಿಸ್ತು. ಪಾಸ್ಟರ್ ತಮ್ಮ ಪ್ರಾರ್ಥನೆ ಮಾಡಲ್ವಂತೆ! ನನ್ನ ಹತ್ತಿರ ಪಾಯಿಂಟ್ ಇದ್ದವಲ್ಲ, ಒಂದೊಂದಾಗಿ ಬಿಟ್ಟೆ. ಕೊನೆಗೆ, "ಯೇಸುವಿನ ಹುಟ್ಟುಹಬ್ಬದ ಊಟ ಇದು. ಆತನು ಬೇಡದವನಿಗೆ ಆತನ ಅನ್ನ ಯಾಕೆ?" ಅಂದೆ.

ಅವನು ಎದ್ದು, ಅಮ್ಮನ ಭುಜ ಮುಟ್ಟಿ, ಚಪ್ಪಲಿ ಹಾಕಿಕೊಂಡು ಹೋದ. ಅಮ್ಮ ಬಡಿಸಿದ್ದ ತಟ್ಟೆ ಹಾಗೇ ಇತ್ತು. ಸಾಯಂಕಾಲದವರೆಗೂ ಅಮ್ಮ ಅದನ್ನ ಎತ್ತಲಿಲ್ಲ. ನಾಲ್ಕು ಕ್ರಿಸ್ಮಸ್ ಅವನು ಮನೆಗೆ ಬರಲಿಲ್ಲ. ನಾನು ವಾದದಲ್ಲಿ ಗೆದ್ದಿದ್ದೆ, ಪ್ರಿಯರೇ.

ಆಮೇಲೆ ಒಂದು ಸಲ ಲೂಕ 9ರ ಮೇಲೆ ಪ್ರಸಂಗ ತಯಾರು ಮಾಡುವಾಗ ಯೇಸು ತಿರುಗಿಕೊಂಡ ಅನ್ನೋ ಜಾಗಕ್ಕೆ ಬಂದೆ. ಆತನು ನನ್ನ ಕಡೆಗೇ ತಿರುಗಿಕೊಂಡ ಹಾಗಾಯ್ತು. ಫೋನ್ ಮಾಡಿದೆ. "ನನ್ನದು ತಪ್ಪು, ಕ್ಷಮಿಸು" ಅಂದೆ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಅಮ್ಮ ಹೇಗಿದ್ದಾರೆ?" ಅಂದ. ಕಳೆದ ವರ್ಷ ಅವನು ಬಂದ. ನಾವು ಪ್ರಾರ್ಥನೆ ಮಾಡಿದೆವು, ಅವನು ಸುಮ್ಮನೆ ಕೂತಿದ್ದ. ಅಮ್ಮನ ಪಕ್ಕದಲ್ಲಿ. ಅಮ್ಮ ಅವತ್ತು ಎರಡು ಸಲ ಬಡಿಸಿದರು.

ಅವನು ಈಗ ವಿಶ್ವಾಸಿಯಾದನಾ ಅಂತ ಕೇಳ್ತೀರಿ. ಇಲ್ಲ. ಇವತ್ತಿಗೂ ಇಲ್ಲ. ನಾನು ದಿನಾ ಬೆಳಿಗ್ಗೆ ಅವನ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀನಿ. ಪ್ರಕಟನೆ 3:20ರಲ್ಲಿ ಯೇಸು ಬಾಗಿಲ ಹತ್ತಿರ ನಿಂತು ತಟ್ಟುತ್ತಾನೆ. ತೆರೆದರೆ ಒಳಗೆ ಬಂದು ಜೊತೆಯಲ್ಲಿ ಊಟ ಮಾಡ್ತಾನೆ. ಊಟ, ನೋಡಿ! ನಾನು ಊಟದಿಂದ ಎಬ್ಬಿಸಿದೆ, ಆತನು ಊಟಕ್ಕೆ ಬರೋಕೆ ಕಾಯ್ತಾನೆ. ಆತನು ತಟ್ಟುವ ಬಾಗಿಲನ್ನ ನಾನು ಒದೆಯೋದು ಬೇಡ.

ಈಗ ಎರಡನೇ ವಾಕ್ಯಭಾಗ. ಅಪೊಸ್ತಲರ ಕೃತ್ಯಗಳು 8:14. ಸಮಾರ್ಯದವರು ದೇವರ ವಾಕ್ಯವನ್ನ ಸ್ವೀಕರಿಸಿದರು ಅಂತ ಯೆರೂಸಲೇಮಿಗೆ ಸುದ್ದಿ ಬಂತು. ಅಪೊಸ್ತಲರು ಇಬ್ಬರನ್ನ ಕಳಿಸಿದರು. ಒಬ್ಬ ಪೇತ್ರ. ಇನ್ನೊಬ್ಬ ಯಾರು? ಜೋರಾಗಿ ಹೇಳಿ. ಯೋಹಾನ! ಅದೇ ಯೋಹಾನ, ಅದೇ ಸಮಾರ್ಯ ಸೀಮೆ. ಇವರು ಸುಟ್ಟುಹೋಗಲಿ ಅಂದವನು ಈಗ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ತಾನೆ, ಅವರು ಪವಿತ್ರಾತ್ಮವರವನ್ನ ಹೊಂದುತ್ತಾರೆ. ಪೆಂತೆಕೋಸ್ತ್ ದಿನ ಬೆಂಕಿಯ ನಾಲಿಗೆಗಳಾಗಿ ಬಂದ ಅದೇ ಆತ್ಮ! ಪರಲೋಕದಿಂದ ಸಮಾರ್ಯದ ಮೇಲೆ ಬೆಂಕಿ ಬಂತು, ಪ್ರಿಯರೇ, ಆದರೆ ಸುಡುವ ಬೆಂಕಿಯಲ್ಲ, ಜೀವ ಕೊಡುವ ಬೆಂಕಿ. ಯೇಸು ಅವತ್ತು ಯೋಹಾನನ ಮಾತು ಕೇಳಿದ್ದರೆ, ಆ ಪ್ರಾರ್ಥನೆಗೆ ತಲೆಬಾಗಲು ಆ ಊರಲ್ಲಿ ಯಾರು ಉಳಿದಿರ್ತಿದ್ದರು? ಹಲ್ಲೆಲೂಯಾ!

ಹಾಗಾದರೆ ಈ ಡಿಸೆಂಬರಿನಲ್ಲಿ ಏನು ಮಾಡೋಣ? ಒಂದು, ಆಫೀಸಿನಲ್ಲಿ ಹಬ್ಬ ಬೇಡ ಅನ್ನುವವನನ್ನ ಒತ್ತಾಯ ಮಾಡಬೇಡಿ. ಕೇಕ್ ಕೊಡಿ, ತಗೊಂಡ್ರೆ ಸಂತೋಷ, ಬೇಡ ಅಂದ್ರೆ ಮುಖ ಸಣ್ಣದು ಮಾಡಬೇಡಿ. ಎರಡು, ಪ್ರಶ್ನೆ ಕೇಳಿದರೆ ಉತ್ತರ ಕೊಡಿ. ಓದಿಕೊಂಡು ಕೊಡಿ. 1 ಪೇತ್ರ 3:15 ಉತ್ತರ ಕೊಡೋಕೆ ಸಿದ್ಧರಾಗಿರಿ ಅನ್ನುತ್ತೆ, ಅದರ ಜೊತೆಗೇ ಸಾತ್ವಿಕತೆಯನ್ನೂ ಕೇಳುತ್ತೆ. ಅರ್ಧ ವಚನ ಕಂಠಪಾಠ ಮಾಡಬೇಡಿ. ಮೂರು, ಡಿಸೆಂಬರ್ 25ಕ್ಕೆ ಊರಿಗೆ ಹೋಗದೆ ಪಿಜಿಯಲ್ಲಿ ಒಬ್ಬರೇ ಇರುವವರನ್ನ ಊಟಕ್ಕೆ ಕರೀರಿ. ನಂಬುವವರು, ನಂಬದವರು, ಯಾರಾದರೂ ಸರಿ. ನಿಮ್ಮ ಮನೆಯ ಗೋದಲಿಯ ಪಕ್ಕದಲ್ಲಿ ಆಳು ಇರಲಿ.

ಆ ತಮ್ಮ ಇಲ್ಲೇ ಕೂತಿದ್ದಾನೆ. ಹೆಸರು ಹೇಳಲ್ಲ, ಹೆದರಬೇಡ. ನಾಲ್ಕು ಪಾಯಿಂಟ್ ಕೇಳಿದ್ದೆ. ಒಂದೇ ಕೊಡ್ತೀನಿ: ನಾಳೆ ಬೆಳಿಗ್ಗೆ ಅವನನ್ನ ಕಾಫಿಗೆ ಕರಿ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ನಿಮ್ಮ ಮನೆಯಲ್ಲೂ ಎತ್ತದೆ ಉಳಿದ ಒಂದು ತಟ್ಟೆ ಇರಬಹುದು. ಅಣ್ಣ ಇರಬಹುದು, ಮಗಳು ಇರಬಹುದು, ಹಾಸ್ಟೆಲ್ ಸ್ನೇಹಿತ ಇರಬಹುದು. ಆ ಹೆಸರನ್ನ ಕರ್ತನ ಮುಂದೆ ಹೇಳಿ.

ತಂದೆಯೇ, ನಾವು ಸುಡುವ ಬೆಂಕಿಯನ್ನು ಕೇಳಿದ್ದಕ್ಕೆ ನಮ್ಮನ್ನು ಕ್ಷಮಿಸು. ನಮ್ಮ ಮರ್ಯಾದೆಗಾಗಿ ಜಗಳವಾಡಿ ಅದು ನಿನ್ನ ಮಹಿಮೆಗಾಗಿ ಅಂತ ಹೇಳಿಕೊಂಡಿದ್ದೇವೆ, ಕ್ಷಮಿಸು. ನಿನ್ನ ಪವಿತ್ರಾತ್ಮನ ಬೆಂಕಿಯನ್ನು ಮೊದಲು ನಮ್ಮ ಮೇಲೆ ಸುರಿಸು. ನಮ್ಮ ನಾಲಿಗೆಯನ್ನು ಮುಟ್ಟು. ನಾವು ಈಗ ಹೆಸರು ಹೇಳಿದವರ ಬಾಗಿಲಲ್ಲಿ ನೀನೇ ನಿಂತು ತಟ್ಟು, ಕರ್ತನೇ. ಅವರು ತೆರೆಯುವ ತನಕ ಪ್ರೀತಿಯಿಂದ ಕಾಯುವ ತಾಳ್ಮೆಯನ್ನು ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.